ಯಜ್ಞೇಶ್ವರ ರಾಯರ ಹಂಡೆ

ಬಿರುಕಿಗೆ ಬಣ್ಣ ಬಳಿದರೆ ಬಿರುಕೇ ಮಾಯವಾಗುತ್ತದೆಂದು ನಂಬಿದ ಮಹಾನುಭಾವರು ಶಹಾಡಿನ ಯಜ್ಞೇಶ್ವರ ರಾಯರು. ಅವರ ಕಾರ್ಖಾನೆಯಲ್ಲಿ ರಾಸಾಯನಿಕ ಕುದಿಸುವ ದೊಡ್ಡ ಉಕ್ಕಿನ ಹಂಡೆಯಿತ್ತು. ಎಕ್ಸ್‌ಪೋರ್ಟ್ ಆರ್ಡರ್ ಇದೆಯೆಂದು ಆಯುಧಪೂಜೆಗೂ ಅದನ್ನು ಆರಿಸದ ಆಸಾಮಿ! ಕುದಿಯುವಾಗಲೇ ತಪಾಸಣೆ ಆಗಬೇಕಲ್ಲ, ಹಾಗಾಗಿ ಸೀವುಡ್ಸ್‌ನ ಒಂದು ಕಂಪನಿಯಿಂದ ಇಂಜಿನಿಯರ್ ಪ್ರಕೃತಿ ಲೇಸರ್ ಪೆಟ್ಟಿಗೆ ಹೊರಿಸಿಕೊಂಡು ಬಂದಿದ್ದಳು.

ಹಂಡೆ ಹೊಸ ಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಿತ್ತು. ವೆಲ್ಡಿಂಗಿನ ಸುತ್ತ ಮಾತ್ರ ಬಣ್ಣ ದಪ್ಪ.

"ಹಬ್ಬಕ್ಕೆ ಬಳಿಸಿದ್ದು ಮೇಡಂ, ಚಂದ ಉಂಟಲ್ಲ?" ಎಂದರು ರಾಯರು.

ಹೆಣಕ್ಕೆ ಸಿಂಗಾರ ಅಂದುಕೊಂಡಳು ಪ್ರಕೃತಿ. ಅವಳಿಗೆ ಮೈಯೆಲ್ಲ ಉರಿಯಿತು.

ಅವಳ ಯಂತ್ರಕ್ಕೆ ಹಂಡೆಯನ್ನು ಮುಟ್ಟುವ ಅಗತ್ಯವಿಲ್ಲ. ಲೇಸರ್ ಬಿದ್ದ ಜಾಗ ತಟಕ್ಕನೆ ಕಾದು ಹಿಗ್ಗುತ್ತದೆ, ಕಿವಿಗೆ ಕೇಳದ ಸದ್ದಿನ ಅಲೆ ಉಕ್ಕಿನೊಳಗೆ ಓಡುತ್ತದೆ. ಬಿರುಕಿಗೆ ತಾಗಿ ಮರಳಿದ ಅಲೆಯನ್ನು ಇನ್ನೊಂದು ಲೇಸರ್ ಹಿಡಿಯುತ್ತದೆ. ರಾಯರ ಬಣ್ಣವೋ, ಲೇಸರಿನ ಬಿಸಿಯನ್ನು ಚೆನ್ನಾಗಿ ಹೀರಿ ಸದ್ದನ್ನು ಇನ್ನಷ್ಟು ಜೋರು ಮಾಡಿತ್ತು. ಬುದ್ಧಿವಂತಿಕೆ ಅಂದರೆ ಇದಪ್ಪಾ! ವೆಲ್ಡಿಂಗಿನ ಉದ್ದಕ್ಕೂ ಹರಿದ ಬಿರುಕು ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು.

"ಈಗಲೇ ಆರಿಸಿ. ಒಡೆದರೆ ಇಲ್ಲಿರೋರು ಯಾರೂ ಉಳಿಯಲ್ಲ."

ರಾಯರು ಪರದೆಯನ್ನೇ ನೋಡಿದರು, ಮುಖ ಬಿಳುಚಿತು. ಬಾಯಿ ಮಾತ್ರ ಜೋರು. "ಎಂತ ಹೆದರಿಸ್ತೀರಿ ಮೇಡಂ? ಓಕೆ ಅಂತ ರಿಪೋರ್ಟ್ ಕೊಡಿ. ಆರ್ಡರ್ ಮುಗೀಲಿ, ಮತ್ತೆ ನೋಡುವ."

ಅಷ್ಟರಲ್ಲಿ ಅವರ ಹೆಂಡತಿ ರಮಾಮಣಿ ಮೊಮ್ಮಗಳ ಕೈಹಿಡಿದು ಪೂಜೆಗೆ ಬಂದರು. ಹಂಡೆಯ ಮುಂದೆಯೇ ದೇವರ ಪಟ ಇಟ್ಟು ಎಲ್ಲ ಅಣಿ ಮಾಡಿತ್ತು. ರಾಯರು ಎದ್ದೆನೋ ಬಿದ್ದೆನೋ ಎಂದು ಓಡಿ ಬಾಗಿಲಲ್ಲೇ ತಡೆದರು.

"ಒಳಗೆ ಬರ್ಬೇಡ ಮಾರಾಯ್ತಿ! ಮಗುವನ್ನ ಗೇಟಿನ ಹತ್ರ ಕರ್ಕೊಂಡು ಹೋಗು. ಪೂಜೆ ಅಲ್ಲೇ, ಆಫೀಸಲ್ಲಿ. ಬಾಲಪ್ಪಾ, ಪಟ ಅಲ್ಲಿಟ್ಟು ಬಂದು ಹಂಡೆ ನೋಡ್ಕೋ."

ಹಂಡೆ ಕಾಯುವ ಬಾಲಪ್ಪ ಪಟ ಎತ್ತಿಕೊಂಡ. ಥೂ, ಈ ರಾಯನ ಜನ್ಮಕ್ಕಿಷ್ಟು ಎನ್ನಿಸಿತು ಪ್ರಕೃತಿಗೆ.

"ಬಾಲಪ್ಪ, ಈ ಹಂಡೆ ಬಿರುಕು ಬಿಟ್ಟಿದೆ, ಒಡೆಯೋ ಹಾಗಿದೆ. ಅದು ಗೊತ್ತಾಗೇ ನಿಮ್ಮ ಯಜಮಾನರು ಮನೆಯವರನ್ನ, ದೇವರನ್ನ ಹೊರಗೆ ಕಳಿಸ್ತಿದ್ದಾರೆ."

"ಖರೇ ಏನ್ರೀ ಸಾಹೇಬ್ರ?" ಎಂದು ಬಾಲಪ್ಪ ರಾಯರನ್ನೇ ಕೇಳಿದ.

ರಾಯರು ಮೊಮ್ಮಗಳನ್ನು ಗೇಟಿನತ್ತ ಸರಿಸಿದರು. ಬಾಲಪ್ಪ ಪಟವನ್ನು ಅವರ ಕೈಗೇ ಕೊಟ್ಟು, ಹಂಡೆ ಕಾಯಿಸುವ ಉಗಿಯ ವಾಲ್ವ್ ಮುಚ್ಚಿದ.

"ದೇವರನ್ನ ನೀವ ಹೊತಗೊಂಡು ಹೋಗ್ರಿ. ನಮ್ಮ ಜೀವಾ ನಾವು ಹೊತಗೊಂಡು ಹೋಗ್ತೀವಿ." ಆಮೇಲೆ ಉಳಿದ ಕೆಲಸಗಾರರ ಕಡೆ ತಿರುಗಿ, ಹೊರಗೆ ನಡೆಯಿರೆಂದು ಮರಾಠಿಯಲ್ಲಿ ಕೂಗಿದ, "ಚಲಾ ರೇ, ಬಾಹೇರ್ ಚಲಾ!"

ಕೆಲಸಗಾರರೆಲ್ಲ ರಾಯರ ಪಕ್ಕದಿಂದಲೇ ಹೊರಗೆ ನಡೆದರು. ಒಬ್ಬನೂ ಅವರಿಗೆ ನಮಸ್ಕಾರ ಹೇಳಲಿಲ್ಲ.