ಎರಡನೇ ಮೋಟಾರು

ನನ್ನ ತಮ್ಮ ಏನು ಮಾಡಿದರೂ ಅದಕ್ಕೊಂದು ಜೋಡಿ ಇಟ್ಟುಕೊಳ್ಳುವ ಆಸಾಮಿ. ಮನೆಯ ಬೀಗಕ್ಕೆ ಎರಡು ಕೀಲಿಕೈ ಸಾಲದೆಂದು ಮೂರನೆಯದು ಮಾಡಿಸಿ, ಮೂರನ್ನೂ ಕಳೆದವನು. ಬೇಕರಿಗಳಿಗೆಂದು ಅವನು ತಯಾರಿಸಿದ ಹಿಟ್ಟು ನಾದುವ ಯಂತ್ರಕ್ಕೂ ಎರಡು ಮೋಟಾರು. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ಯಂತ್ರ ನಿಜಕ್ಕೂ ಚೆನ್ನಾಗಿತ್ತು. ಮಾರುವುದು ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ. ಗಿರಾಕಿಯ ಎದುರು ಗೇರು, ಬೇರಿಂಗು ಎಂದು ಕೊರೆಯಲು ಕೂತರೆ, ಅವರು ಆಕಳಿಸುವವರೆಗೂ ಬಿಡುತ್ತಿರಲಿಲ್ಲ.

ಹಾಗಾಗಿ ಒಲೆಯಕ್ಕನನ್ನು ಕರೆತಂದೆವು. ಬೇಕರಿ ಒಲೆ ಮಾರುವ ದೊಡ್ಡ ಕಂಪನಿಯಲ್ಲಿ ತಲೆ ನರೆಯುವಷ್ಟು ಕಾಲ ದುಡಿದವರಾದ್ದರಿಂದ ಆ ಹೆಸರು. ಗಂಡನ ಜೊತೆ ಜಗಳವಾಡಿ, ಆ ಭದ್ರವಾದ ಕೆಲಸ ಬಿಟ್ಟು, ನಮ್ಮ ತಗಡಿನ ಶೆಡ್ಡಿಗೆ ಬಂದರು. ಬಂದಿದ್ದು ತಮ್ಮನ ಒಂದು ಮಾತು ನಂಬಿ.

"ಅಕ್ಕ, ಊರಿನ ಬೇಕರಿಗಳೆಲ್ಲ ನಿಮ್ಮವು. ಮಧ್ಯೆ ನಾನೂ ಬಾಯಿ ಹಾಕಲ್ಲ."

ಅವರದು ನಿಧಾನದ ಕೆಲಸ. ಮೊದಮೊದಲು ಹೋದಾಗ ಯಂತ್ರದ ಸುದ್ದಿಯೇ ಎತ್ತುತ್ತಿರಲಿಲ್ಲ. ನಾದುವವರ ಪಕ್ಕ ನಿಂತು, ಯಾರ ಭುಜ ಹಿಡಿದುಕೊಂಡಿದೆ, ಯಾರು ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ತಮ್ಮ ಅದನ್ನು ಹರಟೆ ಎಂದುಕೊಂಡ. ಅವನ ಹೆದರಿಕೆಯೂ ಸುಳ್ಳಲ್ಲ. ಯಂತ್ರಗಳು ಪ್ಲಾಸ್ಟಿಕ್ ಹೊದ್ದು ಸಾಲಾಗಿ ನಿಂತಿದ್ದವು. ತಿಂಗಳ ಕೊನೆಯೊಳಗೆ ಊರಿನ ದೊಡ್ಡ ಬೇಕರಿಯ ಆರ್ಡರು ಬರದಿದ್ದರೆ ಶೆಡ್ಡು ಖಾಲಿ ಮಾಡಿ, ವೆಲ್ಡರುಗಳನ್ನು ಮನೆಗೆ ಕಳಿಸಬೇಕಿತ್ತು. ಆ ವೆಲ್ಡರುಗಳು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ತಮ್ಮನಿಗೆ ಊಟ ಸೇರುತ್ತಿರಲಿಲ್ಲ. ನಾನು ಹೆದರಿದಷ್ಟೂ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ.

ಕೊನೆಗೊಂದು ಸಂಜೆ ಒಲೆಯಕ್ಕ ಫೋನ್ ಮಾಡಿದರು. "ನಾಳೆ ದೊಡ್ಡ ಬೇಕರಿ ಮಾಲೀಕರು ಸಹಿ ಹಾಕ್ತಾರಂತೆ. ಎಲ್ಲ ಬ್ರಾಂಚಿಗೂ ಒಂದೊಂದು ಬೇಕಂತೆ." ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಮಧ್ಯಾಹ್ನ ಬಂದವರೇ ಬ್ಯಾಗನ್ನು ಮೇಜಿನ ಮೇಲಿಟ್ಟರು. ಕೂರಲಿಲ್ಲ.

"ಬೆಳಿಗ್ಗೆ ನಮ್ಮ ಕಂಪನಿಯವನು ಅಂತ ಒಬ್ಬ ಟೈ ಕಟ್ಟಿದವನು ಅಲ್ಲಿಗೆ ಹೋಗಿದ್ದನಂತೆ. ಅದೇ ಮೆಷಿನ್ನು, ನಾನು ಹೇಳಿದ್ದಕ್ಕಿಂತ ಕಡಿಮೆಗೆ ಕೊಡ್ತೀನಿ ಅಂದನಂತೆ. ಯಾರವನು?"

ನನಗೆ ಗೊತ್ತಿರಲಿಲ್ಲ. ತಮ್ಮನ ಕಡೆ ತಿರುಗಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ನೋಡುತ್ತಿದ್ದ.

"ಸ್ಪೇರ್ ಅಷ್ಟೇ ಅಕ್ಕ," ಎಂದ. "ಅಕಸ್ಮಾತ್ ನಿಮ್ಮಿಂದ ಆಗದಿದ್ರೆ ಅಂತ. ಹೇಗಾದ್ರೂ ಮಾಡಿ ಮಾರು ಅಂದಿದ್ದೆ. ಅಲ್ಲಿಗೇ ಹೋಗ್ತಾನೆ ಅಂತ ಅಂದುಕೊಂಡಿರಲಿಲ್ಲ."

ಒಡಹುಟ್ಟಿದವನು, ಹೊಡೆಯಬಾರದು ಎಂದು ಕೈ ಕಟ್ಟಿಕೊಂಡು ನಿಂತೆ.

"ಮಾಲೀಕರು ಏನಂದ್ರು ಗೊತ್ತಾ?" ಒಲೆಯಕ್ಕ ಕೇಳಿದರು. "ನಿಮ್ಮ ಮೇಲೆ ನಿಮ್ಮವರಿಗೇ ನಂಬಿಕೆ ಇಲ್ಲ, ನಾಳೆ ಮೆಷಿನ್ ಕೆಟ್ರೆ ನಾನು ಯಾರನ್ನ ಕೇಳ್ಲಿ ಅಂದ್ರು. ಸಹಿ ಹಾಕಲಿಲ್ಲ. ಅಲ್ಲಿ ಕೆಲಸದವರೆಲ್ಲ ನೋಡ್ತಾ ನಿಂತಿದ್ರು."

"ಅಕ್ಕ, ನಾನೇ ಹೋಗಿ ಕಾಲಿಗೆ ಬೀಳ್ತೀನಿ. ಅವನನ್ನ ಇವತ್ತೇ ತೆಗೆದುಬಿಡ್ತೀನಿ."

"ಅವನೇನು ಮಾಡಿದ ಪಾಪ. ನಾನು ಒಬ್ಬಳು ಇದ್ದೀನಿ ಅಂತ ಅವನಿಗಾದ್ರೂ ಹೇಳಿದ್ಯಾ?"

ತಮ್ಮ ಸ್ಪ್ಯಾನರನ್ನು ಮೇಜಿನ ಮೇಲಿಟ್ಟ.

"ಎರಡನೇ ಮೋಟಾರು ಇದೆ ಅಂತ ಗೊತ್ತಾದ್ರೆ ಮೊದಲನೇದಕ್ಕೆ ಏನೂ ಆಗಲ್ಲ ಕಣಪ್ಪ. ನನಗಾಗುತ್ತೆ. ಮನೆಗೆ ಹೋಗಿ ಈಗ ಏನಂತ ಹೇಳ್ಲಿ?"

ಬ್ಯಾಗನ್ನು ಅಲ್ಲೇ ಬಿಟ್ಟು ಹೊರಟರು. ನಾನು ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟಾಪಿನವರೆಗೆ ಹಿಂದೆ ಓಡಿದೆ. ಕೈ ಹಿಡಿದುಕೊಂಡೆ, ಅಳುತ್ತಾ ಬೇಡಿಕೊಂಡೆ. "ನಿನ್ನ ಮೇಲೆ ಬೇಜಾರಿಲ್ಲಮ್ಮ," ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು ಬಸ್ಸು ಹತ್ತಿದರು.

ವಾಪಸು ಬಂದಾಗ ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಟೈ ಕಟ್ಟಿದವನ ಹತ್ತಿರ ಮಾತಾಡುತ್ತಿದ್ದ. ವೆಲ್ಡರುಗಳು ಕೆಲಸ ನಿಲ್ಲಿಸಿ ಸುತ್ತ ನಿಂತಿದ್ದರು.

"ಆ ದೊಡ್ಡ ಬೇಕರಿಗೆ ಈಗಲೇ ಹೋಗಪ್ಪ. ಹೇಗಾದ್ರೂ ಒಪ್ಪಿಸು. ಇನ್ಮೇಲೆ ಊರಿನ ಬೇಕರಿಗಳೆಲ್ಲ ನಿನ್ನವೇ. ಮಧ್ಯೆ ನಾನೂ ಬಾಯಿ ಹಾಕಲ್ಲ."



"ಸಾರ್, ಆ ಮೇಡಮ್ ವಿಷಯ ಬೇಕರಿಯವರು ಫೋನ್ ಮಾಡಿ ಹೇಳಿದ್ರು," ಎಂದ ಅವನು. "ನಾನು ಹೋಗ್ತೀನಿ. ಆದ್ರೆ ಮೊದಲು ಒಂದು ಹೇಳಿ. ನನ್ನ ಹಿಂದೆ ಯಾರನ್ನ ಇಟ್ಟಿದ್ದೀರಿ?"

"ಯಾರೂ ಇಲ್ಲಪ್ಪ," ಎಂದ ತಮ್ಮ. ಕಣ್ಣಲ್ಲಿ ನೀರು ತುಂಬಿತ್ತು. "ನಿಜವಾಗ್ಲೂ ಯಾರೂ ಇಲ್ಲ."

ಅದು ನಿಜವೇ ಆಗಿತ್ತು. ಆ ಕಡೆಯವನು ಫೋನ್ ಇಟ್ಟ.