ಇಪ್ಪತ್ತೈದರ ಬಿಲ್ಲು

ಊರಿಂದ ಬಂದವರೆಲ್ಲ ಹಿಂದಿನ ದಿನ ಗಾಡಿ ಹತ್ತಿದ್ದರು. ಬೆಳಿಗ್ಗೆ ನಾನು ಖಾಲಿ ಬಾಟಲಿಗಳನ್ನು ಹಿಡಿದು ಹಾಲಿನ ಬೂತಿನ ಸಾಲಿನಲ್ಲಿ ನಿಂತೆ. ಮನೆಯಲ್ಲಿ ಈಗ ಇಬ್ಬರೇ, ರೂಢಿಯಂತೆ ಮೂವರಿಗಾಗುವಷ್ಟು ಹಾಲು ತಂದೆ. ಅತ್ತೆ ರುದ್ರವ್ವ ಬಾಟಲಿಗಳನ್ನು ನೋಡಿದರು. ಹೆಚ್ಚಾದದ್ದಕ್ಕೆ ಹೆಪ್ಪು ಹಾಕಿದರು.

ನನ್ನ ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಮಣ್ಣು ಮಾಡಿದ ದಿನದಿಂದ ವಿಲೆ ಪಾರ್ಲೆಯ ನಮ್ಮ ಎರಡು ಕೋಣೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಗ ಕಸ ಗುಡಿಸಬಹುದಿತ್ತು. ಗುಡಿಸುತ್ತ ಹೋದಾಗ ಕಪಾಟಿನ ಹಿಂದೆ ಬಿಲ್ಲು ಸಿಕ್ಕಿತು.

ಬಿದಿರಿನ ಬಿಲ್ಲು, ಇವರಷ್ಟೇ ಎತ್ತರ. ಹಿಂದಿನ ವರ್ಷ ಲೈಬ್ರರಿಯಿಂದ ಬಿಲ್ವಿದ್ಯೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದು ಓದಿದವರು, ಘಾಟ್ಕೋಪರಿನ ಶೆಟ್ಟೆಪ್ಪನವರ ಬಿದಿರಿನ ವಖಾರಿಗೆ ಹೋಗಿ ಇದನ್ನು ಎರವಲು ತಂದಿದ್ದರು. ಶೆಟ್ಟೆಪ್ಪ ಬೆಳಗಾವಿ ಕಡೆಯವರು. ಏಣಿ, ಹಗ್ಗ, ಬಿದಿರು ಮಾರುತ್ತಾರೆ. ಬಿಡುವಿದ್ದಾಗ ಬಿಲ್ಲು ಮಾಡುತ್ತಾರೆ. ಭಾನುವಾರ ವಖಾರಿಯ ಹಿಂದೆ ಕೆಲವರು ಸೇರಿ ಹುಲ್ಲು ತುಂಬಿದ ಚೀಲಕ್ಕೆ ಬಾಣ ಬಿಡುತ್ತಾರೆ.

ಸಂಜೆ ಆಫೀಸಿನಿಂದ ಬಂದು ಇವರು ಬಾಗಿಲ ಮುಂದಿನ ಗ್ಯಾಲರಿಯಲ್ಲಿ ನಿಂತು ಬಿಲ್ಲು ಎಳೆಯುತ್ತಿದ್ದರು. ಹೆದೆ ಅರ್ಧ ಬರುತ್ತಿತ್ತು. ತೋಳು ನಡುಗುತ್ತಿತ್ತು. ನಿಧಾನವಾಗಿ ಸಡಿಲ ಬಿಟ್ಟು, "ನಾಳೆ ಗಲ್ಲದ ತನಕ ಬರತೈತಿ ನೋಡು," ಅನ್ನುತ್ತಿದ್ದರು. ಆಮೇಲೆ ಅತ್ತೆಯಿಂದ ಹೆಗಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

"ಇದನ್ನ ವಾಪಸ್ ಕೊಡಬೇಕು," ಅಂದೆ.

"ಕೊಡು. ಇದರ ಕಾಟಕ್ಕ ನನ್ನ ಎಣ್ಣಿ ಎಲ್ಲಾ ಮುಗದೈತಿ."

"ಒಮ್ಮೆ ಪೂರ್ತಿ ಎಳದು ಕೊಡತೀನಿ, ಅತ್ತೀ. ಅರ್ಧಕ್ಕ ಬಿಟ್ಟು ಕೊಡಾಕ ಮನಸಿಲ್ಲ."

ಇವರು ಹೋದ ಮೇಲೆ ನನಗೆ ಬೇಕೆನಿಸಿದ ಮೊದಲ ಸಂಗತಿ ಅದು. ಅತ್ತೆ ನನ್ನ ಮುಖ ನೋಡಿದರು. ಸೆರಗು ಸಿಕ್ಕಿಸಿಕೊಂಡು ಎದ್ದರು.

ಹೆದೆ ಏರಿಸುವುದೇ ಆಗಲಿಲ್ಲ. ನಾನು ಮೇಲಿನಿಂದ ಒತ್ತಿದೆ, ಅತ್ತೆ ಕೆಳಗೆ ಕಾಲು ಕೊಟ್ಟರು. ಬಿಲ್ಲು ಜಾರಿ ಅಡುಗೆಯ ಡಬ್ಬಿಗಳನ್ನು ಉರುಳಿಸಿತು. ಕೋಣೆಯ ತುಂಬ ಸಾಸಿವೆ.

"ನಿಮ್ಮಪ್ಪ ಎಂ.ಎ. ಓದಿಸಿದ್ದು ಇದಕ್ಕೇನ?" ಅಂದರು ಅತ್ತೆ, ಸಾಸಿವೆ ಆರಿಸುತ್ತ.

ಭಾನುವಾರ ಇಬ್ಬರೂ ಹೊರಟೆವು. ರೈಲು ಮುಷ್ಕರ ಮುಗಿದು ಲೋಕಲ್‌ಗಳು ಮತ್ತೆ ಸರಿಯಾಗಿ ಓಡುತ್ತಿದ್ದವು. ದಾದರಿನಲ್ಲಿ ಗಾಡಿ ಬದಲಿಸುವಾಗ ಬಿಲ್ಲು ಲೇಡೀಸ್ ಡಬ್ಬಿಯ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ತರಕಾರಿ ಬುಟ್ಟಿಯ ಹೆಂಗಸೊಬ್ಬಳು ಅದನ್ನು ಒಳಗೆ ಎಳೆದುಕೊಂಡಳು.

"ಕಾಯ್ ಗಂ, ಕಾಪೂಸ್ ಪಿಂಜತೇಸ್ ಕಾ?"

ಹಾಸಿಗೆಯ ಹತ್ತಿ ಹಿಂಜುವ ಬಿಲ್ಲೆಂದು ತಿಳಿದಿದ್ದಳು.

"ಹೋ, ತುಝೀ ಗಾದೀ ಘೇವೂನ್ ಯೇ," ಅಂದರು ಅತ್ತೆ. ನಿನ್ನ ಹಾಸಿಗೆಯನ್ನೂ ತೆಗೆದುಕೊಂಡು ಬಾ ಎಂದು. ಇಡೀ ಡಬ್ಬಿ ನಕ್ಕಿತು. ಘಾಟ್ಕೋಪರ್ ಬರುವ ತನಕ ಅತ್ತೆ ಆ ಹೆಂಗಸಿನ ಬುಟ್ಟಿಯಿಂದ ಸೌತೆಕಾಯಿ ತಿಂದರು.

ಶೆಟ್ಟೆಪ್ಪನವರಿಗೆ ಸುದ್ದಿ ತಲುಪಿತ್ತು. ಅತ್ತೆಯ ಕಾಲು ಮುಟ್ಟಿದರು, ಚಹಾ ತರಿಸಿದರು. ನನ್ನ ಆಸೆ ಹೇಳಿದೆ. ಅವರು ಬಿಲ್ಲನ್ನು ತೊಡೆಗೆ ಒತ್ತಿ ಹೆದೆ ಏರಿಸಿ ಕೊಟ್ಟರು. ಎಳೆದೆ. ಹೆದೆ ಗೇಣು ದೂರವೂ ಬರಲಿಲ್ಲ. ಮತ್ತೆ ಎಳೆದೆ.

"ಬ್ಯಾಡ ತಂಗಿ, ಹೆಗಲ ಹೋಗತೈತಿ. ಇದು ಇಪ್ಪತ್ತೈದರ ಬಿಲ್ಲ."

"ಇಪ್ಪತ್ತೈದು ಅಂದ್ರ ಹಗೂರಲ್ರಿ? ಹೊಸಬರು ಇಪ್ಪತ್ತೈದು ಪೌಂಡಿಂದ ಶುರು ಮಾಡಬೇಕು ಅಂತ ಇವರ ಪುಸ್ತಕದಾಗ ಇತ್ತು."

"ಪೌಂಡ?" ಶೆಟ್ಟೆಪ್ಪ ಚಹಾದ ಲೋಟ ಕೆಳಗಿಟ್ಟರು.

ತೊಲೆಯಲ್ಲಿ ಹಗ್ಗ ತೂಗುವ ಸ್ಪ್ರಿಂಗ್ ಕಾಟಾ ತೂಗಾಡುತ್ತಿತ್ತು. ಅದರ ಕೊಕ್ಕೆಗೆ ಹೆದೆ ಸಿಕ್ಕಿಸಿ, ಬಿಲ್ಲನ್ನು ಒಂದು ಬಾಣದಷ್ಟು ಕೆಳಕ್ಕೆ ಜಗ್ಗಿ ಹಿಡಿದರು. ಮುಳ್ಳು ಇಪ್ಪತ್ತೈದರ ಮೇಲೆ ನಿಂತಿತು.

"ನೋಡ್ರಿ. ಇದು ಕಿಲೋದ ಕಾಟಾ. ಪೌಂಡ ಹೋಗಿ ಎಷ್ಟ ವರ್ಷ ಆತು?"

ಐವತ್ತೈದು ಪೌಂಡು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ಇಪ್ಪತ್ತೈದರದ ಕೊಡ್ರಿ ಅಂದ್ರು. ಸಣ್ಣ ಮೈಯವರು, ಹದಿನೈದು ಸಾಕು ಅಂದೆ. ಪುಸ್ತಕದಾಗ ಬರದೈತಿ ಅಂದ್ರು. ಪುಸ್ತಕದ ಜೋಡಿ ನಾ ಏನ ವಾದ ಮಾಡಲಿ?"

ಮೊದಲು ನಕ್ಕವರು ಅತ್ತೆ. "ದಿನಾ ಎಣ್ಣಿ ತಿಕ್ಕೀನಲ್ಲೋ ಬಸವಂತಾ," ಅಂದು ಇಲ್ಲದ ಮಗನನ್ನು ಕರೆದು, ಬಿದಿರಿನ ರಾಶಿಯ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಳ್ಳುತ್ತ ನಕ್ಕರು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಗ್ಯಾಲರಿಯಲ್ಲಿ ಅರ್ಧ ಎಳೆದಾಗಲೇ ಇವರು ಪುಸ್ತಕ ಹೇಳಿದ್ದನ್ನು ದಾಟಿದ್ದರು.

ಶೆಟ್ಟೆಪ್ಪ ಒಳಗಿನಿಂದ ತೆಳ್ಳನೆಯದೊಂದು ಬಿಲ್ಲು ತಂದರು.

"ಇದು ಹತ್ತರದು. ಕಿಲೋ ಮತ್ತ. ಗಲ್ಲದ ತನಕ ಎಳದು ಹಿಡಕೊಂಡು ನಿಮ್ಮ ಪೂರ್ತಿ ಹೆಸರ ಹೇಳ್ರಿ. ದನಿ ನಡುಗಿತು ಅಂದ್ರ ಬಿಲ್ಲ ಭಾರ ಆತು ಅಂತ. ಇಲ್ಲಿ ಎಲ್ಲಾರಿಗೂ ಇದ ಪರೀಕ್ಷಾ."

"ಇವರಿಗೂ ಮಾಡಿದ್ರೇನು?"

"ಬಸವಂ ಅನ್ನೂದರಾಗ ಹೆದಿ ಬಿಟ್ರು. ನಾಳೆ ಆಗತೈತಿ ಅಂದು ಬಿಲ್ಲ ಹೊತಗೊಂಡು ಹೋದ್ರು."

ಎಳೆದೆ. ಹೆದೆ ಗಲ್ಲಕ್ಕೆ ತಾಗಿತು. ಮುಂಬಯಿಯಲ್ಲಿ ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರು ಬರಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಓದಿದ ನಾನೂ ಎಂದೂ ಹೇಳಿರಲಿಲ್ಲ. ಅತ್ತೆಯ ಕಡೆ ಕಣ್ಣು ಹೊರಳಿಸಿದೆ.

"ಹೇಳವಾ," ಅಂದರು.

"ನೀಲಾ ಬಸವಂತ ಹಂಚಿನಾಳ."

ದನಿ ನಡುಗಲಿಲ್ಲ.

ಶೆಟ್ಟೆಪ್ಪ ಬಾಣ ಹೂಡಿಸಿದರು. ಚೀಲದ ಅಂಚಿಗೆ ಬಡಿದು ಹುಲ್ಲು ಹಾರಿತು. ಇನ್ನೊಂದು ಕೇಳಿದೆ. ಅದು ಒಳಗೆ ನಾಟಿತು.

"ನಂಗೂ ಒಂದ ಕೊಡಪಾ," ಅಂದರು ಅತ್ತೆ. "ಪೂರ್ತಿ ಹೆಸರ ಮಾತ್ರ ಕೇಳಬ್ಯಾಡ. ನಮ್ಮನಿಯವರು ಸಿಟ್ಟಿನವರು."

ಅತ್ತೆಯ ಬಾಣ ಬಿದಿರಿನ ರಾಶಿಯೊಳಗೆ ಹೋಯಿತು. ಅದನ್ನು ಹುಡುಕಲು ಬಗ್ಗಿದ ಮೂವರೂ ಮತ್ತೆ ನಕ್ಕೆವು.

ಹೊರಡುವಾಗ ಎರವಲು ಪಡೆದ ಹತ್ತರ ಬಿಲ್ಲು ನನ್ನ ಹೆಗಲ ಮೇಲಿತ್ತು. ಶೆಟ್ಟೆಪ್ಪ ದೊಡ್ಡ ಬಿಲ್ಲಿನ ಹೆದೆ ಇಳಿಸಿ ನನ್ನ ಕಡೆ ಚಾಚಿದರು.

"ಪೂರ್ತಿ ಎಳೀಬೇಕಂತಿದ್ರಿ. ಇದೂ ಇರಲೇನು, ಇನ್ನೊಂದು ವರ್ಷ?"

"ಬ್ಯಾಡ್ರಿ. ಅವರು ಎಳದಷ್ಟ ಸಾಕು."

ಬಿಲ್ಲನ್ನು ಸೆರಗಿನಿಂದ ತುದಿಯಿಂದ ತುದಿಗೆ ಒರೆಸಿದೆ. ಹಿಡಿಯ ಜಾಗ ಇವರ ಬೆವರಿಗೆ ಕಪ್ಪಾಗಿತ್ತು. ಎರಡೂ ಕೈಯಿಂದ ಎತ್ತಿ ಕೊಟ್ಟೆ.

"ಬಸವಂತ ಅವರು ತಂದಿದ್ದು," ಅಂದೆ.

ಶೆಟ್ಟೆಪ್ಪ ಅದನ್ನು ತೆಗೆದುಕೊಂಡು ಗೂಟಕ್ಕೆ ತೂಗಿಹಾಕಿದರು.