ಹೆದರಿದರೆ ಬೆಳಗುವ ಹುಳ

ಬಿಳಿ, ಕಪ್ಪು ಮಣ್ಣಿನ ಮೇಲೆ ಬಿಳಿ ಪುಡಿ, ಬೂಷ್ಟು ಹಿಡಿಯಿತೇನೋ ಎಂದು ಬೆರಳಿಗೆ ಹತ್ತಿಸಿಕೊಂಡು ಮೂಸಿದರೆ ವಿಭೂತಿ, ಅಜ್ಜಿಯ ಹಣೆಯ ವಾಸನೆ — ಕೋಕಿಲಾ ಆ ಮಣ್ಣಿರುವ ಡಬ್ಬಿಯನ್ನು ತುಂಬಿದ ಕೊಡದಂತೆ ತುಳುಕಿಸದೆ ತಂದು ಬಚ್ಚಲಿನ ಚಿಲಕ ಹಾಕಿದಳು, ಈ ಮನೆಯಲ್ಲಿ ಹಗಲು ಕತ್ತಲೆ ಸಿಗುವುದು ಇಲ್ಲೇ, ಕಿಟಕಿಗೆ ಟವೆಲ್ ಸಿಕ್ಕಿಸಿದರೆ. ಮಿಣುಕುಹುಳದ ಮರಿಗಳು, ತಿಂಗಳುಗಟ್ಟಲೆ ಬಸವನಹುಳ ತಿಂದು, ಪೊರೆ ಕಳಚಿ ಕಳಚಿ ಬೆಳೆದು, ಹೋದ ವಾರ ಒಂದೊಂದಾಗಿ ಮಣ್ಣಿಗಿಳಿದು ಗೂಡು ಕಟ್ಟಿಕೊಂಡವು, ಒಳಗೆ ಹಳೆ ಮೈ ಕರಗಿ ರೆಕ್ಕೆಯ ಮೈ ಆಗುತ್ತಿರಬೇಕು, ಆಗುತ್ತಿದ್ದರೆ, ಬೂದಿ ಮೆತ್ತನೆ ಮೈಯ ನೀರು ಹೀರುತ್ತದೆ, ಹಾಗಂತ ದಾವಣಗೆರೆಯ ಹಿತ್ತಲಲ್ಲಿ ಬಸವನಹುಳದ ಮೇಲೆ ಬೂದಿ ಉದುರಿಸಿ ತೋರಿಸಿಕೊಟ್ಟವಳೂ ಇದೇ ನೀಲಗಂಗಮ್ಮಜ್ಜಿ, ಆದರೆ ನಿನ್ನೆ, ಬಸವನಹುಳ ತಿಂತಾವೇನೆ ಇವು, ಲಿಂಗಪೂಜೆ ಮಾಡೋ ಮನ್ಯಾಗೆ, ಪಾಪ ಕಳೀಲಿ ಅಂತ ವಿಭೂತಿ ಹಾಕ್ತೀನಿ ತಡಿ, ಎಂದಳು, ಅದನ್ನು ತಮಾಷೆ ಅಂದುಕೊಂಡಳಲ್ಲ ಕೋಕಿಲಾ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಮುಚ್ಚಳ ಸರಿಸಿ ನೀರನ್ನೂ ಚಿಮುಕಿಸಿದಳಲ್ಲ, ನೋಡದೆ, ಮೇಲಿನದನ್ನು ಚಮಚದಲ್ಲಿ ಕೆರೆದು ತೆಗೆಯಬಹುದು, ಕರಗಿ ಒಳಗಿಳಿದದ್ದನ್ನು? ಬೇರೆ ತರೋಣವೆಂದರೆ ಇವು ಸಿಕ್ಕ ಹೇರೋಹಳ್ಳಿಯ ಕಾಲುವೆ ಪಕ್ಕದ ಜವುಗು ಈಗ ಸೈಟು, ಜೆಸಿಬಿ ಬರುವ ಹಿಂದಿನ ಸಂಜೆ ಟಾರ್ಚ್ ಹಿಡಿದು ಒಂದನ್ನೂ ಬಿಡದೆ ಆರಿಸಿದ್ದಳು, ಜಮೀನಿನವನ ಮಗ ಸಂಪತ್ ಹಲ್ಲು ಕಿರಿಯುತ್ತ, ಏನ್ ಮೇಡಂ, ಹುಳಕ್ಕೂ ಬಾಡಿಗೆ ಮನೆ ಹುಡುಕಿದ್ರಾ, ಆಮೇಲೆ ಅವನೇ, ನಾಲ್ಕನ್ನ ಆಚೆ ದಡಕ್ಕೆ ಬಿಡಬಹುದಲ್ವಾ, ಅಲ್ಲಿ ಹುಲ್ಲಿದೆ — ಬಿಡಲಿಲ್ಲ, ನನ್ನ ಕೈಯಲ್ಲೇ ಕ್ಷೇಮ ಎಂದಳು, ಅಲ್ಲಿದ್ದವೆಲ್ಲ ಈ ಒಂದು ಐಸ್‌ಕ್ರೀಂ ಡಬ್ಬಿಯಲ್ಲಿ, ಬದುಕಿವೆಯೇ, ತಿಳಿಯಲು ಒಂದೇ ದಾರಿ, ಹೆದರಿಸಬೇಕು, ಇವು ಬೆಳಗುವುದು ಹೆದರಿದಾಗ, ನಾನು ಕಹಿ, ತಿನ್ನಬೇಡ ಎಂದು, ಬಾಲದ ತುದಿಗೆ ಎರಡು ಹಸಿರು ಚುಕ್ಕೆ, ಗೂಡಿನ ಸಂದಿಯಿಂದಲೂ ಕಾಣುತ್ತವೆ, ಡಬ್ಬಿಗೆ ಬೆರಳಿಂದ ತಟ್ಟಿದರೆ ಸಾಕು, ತಟ್ಟಿ ಗೂಡು ಕುಸಿದರೆ ಅಲ್ಲೇ ಹಿಸುಕಿಹೋಗುತ್ತವೆ, ತಟ್ಟದಿದ್ದರೆ ಸತ್ತದ್ದಕ್ಕೆ ದಿನಾ ನೀರು ಚಿಮುಕಿಸುತ್ತ ಕೂರುವುದು, ಬೆರಳು ಎತ್ತಿದಳು, ಇಳಿಸಿದಳು, ಇನ್ನೊಂದು ನಿಮಿಷ, ಇನ್ನೊಂದೇ — ಧಡ್ ಧಡ್, ಕೋಕಿಲಾ, ಎಷ್ಟೊತ್ತೇ, ನಿದ್ದೆ ಹೋದ್ಯಾ ಒಳಗೆ, ಅಜ್ಜಿಯ ಮುಷ್ಟಿ, ಬಾಗಿಲು ಅದುರಿತು, ನೆಲ ಅದುರಿತು, ಮಡಿಲಲ್ಲಿ ಡಬ್ಬಿಯೂ ಅದುರಿತು, ಮುಗಿಯಿತು, ತಟ್ಟಿದ್ದಾಯಿತು, ಈಗ ನೋಡು, ಮೂಲೆಯಲ್ಲಿ, ಇಲ್ಲ, ನಡುವೆ, ಇಲ್ಲ, ಬಾಗಿಲು ಮತ್ತೆ ಧಡ್, ಲೈಟ್ ಆದ್ರೂ ಹಾಕ್ಕೊಳ್ಳೇ ತಾಯಿ, ಡಬ್ಬಿಯ ಮೇಲೆ ಬಗ್ಗಿದಳು, ಹೆದರಿ, ಒಂದೇ ಸಲ ಹೆದರಿ, ಒಂದಾದರೂ, ಎರಡು ಹಸಿರು ಚುಕ್ಕೆ ಸಾಕು, ಎರಡು ಹಸಿರು, ಟವೆಲ್ಲಿನ ಅಂಚಿನಿಂದ ತೂರಿದ ಬೆಳಕಿಗೆ ಕಣ್ಣು ಹೊಂದಿಕೊಳ್ಳುತ್ತ ಕಂಡದ್ದು ಬರೀ ಬಿಳಿ, ಕಪ್ಪು ಮಣ್ಣಿನ ಮೇಲೆ ಬಿಳಿ